ಸೇಸಪ್ಪಣ್ಣನ ಕೊನೆಯ ಬೆಣೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸೇಸಪ್ಪಣ್ಣನ ಪಕ್ಷ. ಎರಡೂ ಕಡೆಯ ಮಾತು ಕೇಳಿ ಸಮತೂಕದಲ್ಲಿ ಬರೆಯಬೇಕು ಎನ್ನುವವರು ಬೇರೆ ಯಾರಾದರೂ ಇದ್ದರೆ ಬರೆದುಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಆಚೆ ಕಡೆಯ ಝಿಯಾದ್ ನಮ್ಮ ಉಳ್ಳಾಲದವನೇ. ನನ್ನ ತಮ್ಮನ ಜೊತೆ ಕ್ರಿಕೆಟ್ ಆಡಿ ನಮ್ಮ ಮನೆಯ ಕಿಟಕಿ ಗಾಜು ಒಡೆದವನು. ಆದರೂ ನಾನು ಅವನ ಪಕ್ಷ ಅಲ್ಲ.

ನನ್ನ ಹೆಸರು ಜುವೈರಿಯಾ. ರಿಯಾದಿನ ಮಲಾಜಿನಲ್ಲಿ ನಮ್ಮ ಬಾಡಿಗೆ ಮನೆ. ಮಕ್ಕಳು ದೊಡ್ಡವರಾದ ಮೇಲೆ ಒಂದು ಗುತ್ತಿಗೆ ಕಂಪೆನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಡ್ರಾಯಿಂಗ್ ಬಂದರೆ ನಂಬರು ಹಾಕುವುದು, ಸಹಿ ಮಾಡಿಸುವುದು, ಸೀಲು ಹೊಡೆದು ಫೈಲಿಗೆ ಸೇರಿಸುವುದು. ಹೋದ ವರ್ಷ ಕಂಪೆನಿಗೆ ಸಿಕ್ಕಿದ ಕೆಲಸ ಯಾವುದೆಂದು ಕೇಳಿದರೆ ನೀವು ನಗುತ್ತೀರಿ. ರಿಯಾದಿನ ಹೊರಗೆ, ಬರೀ ಮರಳು ಇದ್ದ ಜಾಗದಲ್ಲಿ, ಐರ್ಲೆಂಡಿನ ಒಂದು ಸಣ್ಣ ಸಂತೆಪೇಟೆಯನ್ನು ಇದ್ದ ಹಾಗೇ ಎಬ್ಬಿಸಬೇಕು. ಚಳಿಗಾಲದ ಉತ್ಸವಕ್ಕೆ ಬರುವ ಜನ ಅದರೊಳಗೆ ತಿರುಗಾಡಿ, ಕಾಫಿ ಕುಡಿದು, ಫೋಟೊ ತೆಗೆದುಕೊಂಡು ಹೋಗಬೇಕು. ಆ ಪೇಟೆಯ ಹೆಸರು ಬ್ಯಾಲಿಡ್ರೀನ್. ಆ ಹೆಸರನ್ನು ಮೊದಲ ಸಲ ಫೈಲಿನ ಮೇಲೆ ಬರೆದಾಗ ನಾಲಿಗೆ ಹೊರಳಲಿಲ್ಲ, ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಆ ಪೇಟೆಯ ಮರದ ಕೆಲಸವೆಲ್ಲ ಸೇಸಪ್ಪಣ್ಣನದು. ವಿಟ್ಲದ ಹತ್ತಿರದವರು, ಐವತ್ತೇಳು ವರ್ಷ, ಬಡಗಿಗಳ ಫೋರ್‌ಮನ್. ಆಳು ಗಿಡ್ಡ, ಕಿವಿಯ ಮೇಲೆ ಪೆನ್ಸಿಲು, ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತಾರರ ಪ್ರಾಯದಲ್ಲಿ ದಮ್ಮಾಮಿಗೆ ಬಂದರು. ಜುಬೈಲಿನಲ್ಲಿ ಬಾಗಿಲು ಮಾಡಿದರು, ರಾಸ್ ಅಲ್ ಖೈರಿನಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟಿದರು, ರಿಯಾದಿನಲ್ಲಿ ದೊಡ್ಡವರ ಬಂಗಲೆಗಳಲ್ಲಿ ಅತಿಥಿಗಳು ಕೂರುವ ಮಜ್ಲಿಸ್‌ಗೆ ಕೆತ್ತನೆಯ ಕದ ಕೂರಿಸಿದರು. ಮೂವತ್ತೊಂದು ವರ್ಷ. ಅವರು ಕೂರಿಸಿದ ಯಾವ ಬಾಗಿಲಿನಿಂದಲೂ ಅವರು ಎರಡನೇ ಸಲ ಒಳಗೆ ಹೋದವರಲ್ಲ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಬೈಗುಳದ ಅರ್ಧ ರುಚಿ ಅಲ್ಲೇ ಹೋಯಿತು.

ಒಂದು ದಿನ ಮಧ್ಯಾಹ್ನ ಯಾವುದೋ ಸಹಿಗೆ ಅವರ ಕೆಲಸದ ಶೆಡ್ಡಿಗೆ ಹೋದೆ. ಮೇಜಿನ ಮೇಲೆ ಹಳೇ ಬಿಸ್ಕೆಟ್ ಡಬ್ಬ ತೆರೆದಿತ್ತು. ಒಳಗೆ ಹೆಬ್ಬೆರಳು ಗಾತ್ರದ ಮರದ ತುಂಡುಗಳು, ಒಂದು ತುದಿ ದಪ್ಪ, ಇನ್ನೊಂದು ಚೂಪು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ. ಜುಬೈಲ್ ಮಸೀದಿ. ದಮ್ಮಾಮ್ ಡಾಕ್ಟರರ ಮನೆ. ರಾಸ್ ಅಲ್ ಖೈರ್ ಆಫೀಸು.

"ಎಂತ ಇದು, ಸೇಸಪ್ಪಣ್ಣ?"

"ಬೆಣೆ."

"ಬೆಣೆ ಅಂತ ಕಾಣ್ತದೆ. ಡಬ್ಬದಲ್ಲಿ ಯಾಕೆ?"

ಅವರು ಮೊದಲು ಹೇಳಲಿಲ್ಲ. ನಾನು ಬಿಡುವವಳಲ್ಲ, ಅಲ್ಲೇ ಸ್ಟೂಲು ಎಳೆದು ಕೂತೆ. ಆಮೇಲೆ ಹೇಳಿದರು. ಅವರಿಗೆ ಕೆಲಸ ಕಲಿಸಿದ್ದು ವಾಮನ ಆಚಾರಿ ಎನ್ನುವವರು. ನಮ್ಮ ಕಡೆ ಮನೆ ಒಕ್ಕಲಿನ ದಿನ ಯಜಮಾನ ಕಟ್ಟಿದವರಿಗೆ ವೀಳ್ಯ ಕೊಟ್ಟು, ಹೊಸ ಬಟ್ಟೆ ಕೊಟ್ಟು, ಅದೇ ಮನೆಯೊಳಗೆ ಕೂರಿಸಿ ಊಟ ಹಾಕುತ್ತಾರಲ್ಲ, ನಮ್ಮ ಬ್ಯಾರಿಗಳ ಮನೆಗಳಲ್ಲೂ ಮೇಸ್ತ್ರಿಗೆ ತುಪ್ಪದ ಅನ್ನ, ನೆಯ್ಚೋರು, ಬಡಿಸದೆ ಹೊಸ ಮನೆಗೆ ಹೋಗುವುದಿಲ್ಲ. ವಾಮನ ಆಚಾರಿಯದು ಅದಕ್ಕೂ ಒಂದು ಹೆಜ್ಜೆ ಮುಂದೆ. ಮುಖ್ಯ ಬಾಗಿಲಿನ ದಾರಂದಕ್ಕೆ, ಅಂದರೆ ಚೌಕಟ್ಟಿಗೆ, ಹೊಡೆಯುವ ಬೆಣೆಗಳಲ್ಲಿ ಒಂದನ್ನು ಅವರು ಹೊಡೆಯದೆ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಛಾವಣಿಯ ಕೆಳಗೆ ಊಟ ಆದ ಮೇಲೆಯೇ ಎದ್ದು, ಕೈ ತೊಳೆದು, ಅದನ್ನು ಹೊಡೆದು, "ಬಿಟ್ಟುಕೊಟ್ಟೆ" ಎನ್ನುತ್ತಿದ್ದರು. ಅಲ್ಲಿಯವರೆಗೆ ಮನೆ ಕಟ್ಟಿದವನದು. ಅದು ಅವರೊಬ್ಬರ ಕ್ರಮವೋ, ಅವರ ಹಿರಿಯರ ಕ್ರಮವೋ ಸೇಸಪ್ಪಣ್ಣನಿಗೆ ಗೊತ್ತಿಲ್ಲ. ಅವರು ಅದನ್ನೇ ಕಲಿತರು, ಅದನ್ನೇ ಇಲ್ಲಿಗೂ ತಂದರು.

"ಇಲ್ಲಿ ಯಾರು ಮಾರಾಯ್ತಿ ಊಟ ಹಾಕುವುದು? ಕೆಲಸ ಮುಗೀತು, ಯಲ್ಲಾ, ಬಸ್ಸು ಹತ್ತು. ಹಾಗಾಗಿ ಇದೆಲ್ಲ ಇಲ್ಲೇ ಉಳಿಯಿತು."

"ಅಷ್ಟೂ ಬಾಗಿಲು ಒಂದು ಬೆಣೆ ಕಡಿಮೆಯಲ್ಲೇ ನಿಂತಿವೆಯಾ?"

"ಒಂದು ಬೆಣೆ ಇಲ್ಲ ಅಂತ ಬೀಳುವ ಬಾಗಿಲು ನಾನು ಮಾಡುವುದಿಲ್ಲ" ಎಂದು ಅವರು ನನ್ನನ್ನು ಗುರಾಯಿಸಿದರು. ಆಮೇಲೆ ದನಿ ತಗ್ಗಿಸಿ, "ಅಕ್ಕು ಬರ್ತಾಳೆ, ಜುವೈರಿಯಕ್ಕ. ಮಗಳು ವಿಸಿಟ್ ವೀಸಾ ಮಾಡಿಸಿದ್ದಾಳೆ. ಇಪ್ಪತ್ತೆಂಟು ವರ್ಷ ಆಯ್ತು ಮದುವೆಯಾಗಿ, ನಾನು ಎಂತ ಕೆಲಸ ಮಾಡ್ತೇನೆ ಅಂತ ಅವಳು ನೋಡಿದ್ದೇ ಇಲ್ಲ. ಈ ಪೇಟೆಯನ್ನು ಅವಳ ಎದುರು ಬಿಟ್ಟುಕೊಡ್ಬೇಕು. ಒಂದೇ ಒಂದು. ಊರಿಗೆ ಹೋಗುವ ಮೊದಲು" ಎಂದರು.

ಅಕ್ಕು ಅವರ ಹೆಂಡತಿ. ಮಗಳು ಅನಿಷಾ ತಾಯಿಫಿನ ಆಸ್ಪತ್ರೆಯಲ್ಲಿ ನರ್ಸು. ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಕಟ್ಟಿದ್ದನ್ನೆಲ್ಲ ಬಿಸ್ಕೆಟ್ ಡಬ್ಬದಲ್ಲಿ ಇಟ್ಟುಕೊಂಡಿದ್ದಾನೆ ಎಂದರೆ ಏನು ಹೇಳುವುದು? ಸಹಿ ಹಾಕಿಸಿಕೊಳ್ಳಲು ಮರೆತು ವಾಪಸು ಬಂದೆ.

ಬ್ಯಾಲಿಡ್ರೀನಿನ ವಿಷಯ ಹೇಳಲು ಕಂಪೆನಿಯವರು ಅಲ್ಲಿಂದಲೇ ಒಬ್ಬರನ್ನು ಕರೆಸಿದ್ದರು. ನೋರಾ ಎಂದು ಹೆಸರು, ನಿವೃತ್ತ ಶಾಲಾ ಟೀಚರು, ಎಪ್ಪತ್ತರ ಮೇಲೆ ಪ್ರಾಯ. ಕೆಂಪಗಿನ ಮುಖ, ಬಿಸಿಲಿಗೆ ಇನ್ನೂ ಕೆಂಪು. ಅವರ ಇಂಗ್ಲಿಷನ್ನು ನಾನು ತುಳುವಿಗೆ ಮಾಡಿ ಸೇಸಪ್ಪಣ್ಣನಿಗೆ ಹೇಳಬೇಕು. ಅವರಿಬ್ಬರೂ ಪ್ಲೈವುಡ್ಡಿನ ಅಟ್ಟಿಯ ಮೇಲೆ ಹಳೇ ಫೋಟೊಗಳನ್ನು ಹರಡಿಕೊಂಡು ಕೂತರೆ ಎರಡು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಾನೂರು ವರ್ಷದ ಹಿಂದೆ ಯಾರೋ ಜಮೀನ್ದಾರ ರಾಜನಿಂದ ಕಾಗದ ತಂದು ಗುರುವಾರದ ಸಂತೆ ಶುರು ಮಾಡಿದನಂತೆ. ಏಳು ಕಮಾನಿನ ಕಲ್ಲಿನ ಸೇತುವೆ, ಅದನ್ನು ದಾಟಿದರೆ ಒಂದೇ ಒಂದು ಉದ್ದದ ಬೀದಿ. ಬೀದಿಯ ಆ ತುದಿಯಲ್ಲಿ ಬೆಣ್ಣೆ ತೂಗುವ ಮನೆ, ಈ ತುದಿಯಲ್ಲಿ ಊರಿನ ಬಾವಿ. ನಡುವೆ ಸಂತೆಕಟ್ಟೆ ಎಂದು ನಾವು ಹೆಸರಿಟ್ಟ ದೊಡ್ಡ ಕಟ್ಟಡ: ಕೆಳಗೆ ನಾಲ್ಕು ಕಮಾನಿನ ಹಜಾರ, ಮೇಲೆ ಸಭೆ ಕೂಡುವ ಕೋಣೆ, ಅದರ ಮೇಲೆ ಗಡಿಯಾರ. ಹೊಳೆಯ ಪಕ್ಕದಲ್ಲಿ ಧಾನ್ಯದ ಉಗ್ರಾಣ. ಊರಿಗೆ ಊರೇ ಹಸಿವಿನಿಂದ ಸತ್ತ ವರ್ಷಗಳಲ್ಲಿ ಆ ಉಗ್ರಾಣದಿಂದ ಓಟ್ಸಿನ ಗಾಡಿಗಳು ಸಿಪಾಯಿಗಳ ಕಾವಲಲ್ಲಿ ಸೇತುವೆ ದಾಟಿ ಬಂದರಿಗೆ ಹೋಗುತ್ತಿದ್ದವಂತೆ, ಜನ ಸೇತುವೆಯ ಗೋಡೆಗೆ ಒರಗಿ ಕೂತು ನೋಡುತ್ತಿದ್ದರಂತೆ. ಡ್ರಾಯಿಂಗಿನಲ್ಲಿ ಆ ಗೋಡೆಯುದ್ದಕ್ಕೂ ಹೂಕುಂಡ ಇಡುವುದೆಂದು ಇತ್ತು. ಸೇಸಪ್ಪಣ್ಣ ಅದನ್ನು ಕೇಳಿ ಎದ್ದು ಹೋಗಿ, ಅಷ್ಟೂ ಹೂಕುಂಡಗಳನ್ನು ತಳ್ಳುಗಾಡಿಯಲ್ಲಿ ಹೇರಿ ಬಾವಿಯ ಹತ್ತಿರ ಇಟ್ಟು ಬಂದರು. "ಜನ ಕೂತು ಸತ್ತ ಜಾಗದಲ್ಲಿ ಹೂವಿನ ಶೋಕಿ ಎಂತದ್ದು?" ಎಂದರು. ಯಾರೂ ಗಮನಿಸಲಿಲ್ಲ.

ನಾಲ್ಕನೇ ಕಮಾನಿನ ಕತೆ ಹೇಳಿದ್ದೂ ನೋರಾ ಅವರೇ. ಸಂತೆಕಟ್ಟೆಯ ಮೂರು ಕಮಾನುಗಳಿಗೆ ಮರದ ಗೇಟು ಇದೆ, ಉತ್ತರದ ಕಮಾನಿಗೆ ಇಲ್ಲ. ಯಾಕೆ? ಇನ್ನೂರು ವರ್ಷದ ಹಿಂದೆ ಜಮೀನ್ದಾರನ ಪಾರುಪತ್ಯಗಾರನೊಬ್ಬ ಆ ಬಾಗಿಲಲ್ಲಿ ಆಳು ನಿಲ್ಲಿಸಿ, ಮೊಟ್ಟೆ ಬೆಣ್ಣೆ ತರುವ ಹೆಂಗಸರ ಬುಟ್ಟಿಗೊಂದು ಸುಂಕ ಎಂದನಂತೆ. ಹೆಂಗಸರು ಕೊಡಲಿಲ್ಲ. ಒಳಗೂ ಹೋಗಲಿಲ್ಲ. ಸೇತುವೆಯ ಮೇಲೆಯೇ ಕೂತು ಮಾರಿದರು. ಒಂದು ವಾರ ಅಲ್ಲ, ಮೂರು ಚಳಿಗಾಲ. ಕೊನೆಗೆ ಸಂತೆಕಟ್ಟೆಯೊಳಗೆ ವ್ಯಾಪಾರವೇ ಸತ್ತುಹೋಗಿ ಪಾರುಪತ್ಯಗಾರ ಬಾಲ ಮುದುಡಿದ. ಹೆಂಗಸರು ಬಂದು ಆ ಗೇಟನ್ನು ಕಿತ್ತು ಹೊಳೆಗೆ ಎಸೆದು, ಇಲ್ಲಿ ಇನ್ನು ಯಾರೂ ಬಾಗಿಲು ಇಡಕೂಡದು ಎಂದು ಮಾತು ತೆಗೆದುಕೊಂಡರು. ನಡುವೆ ಒಮ್ಮೆ ಬೆಂಕಿ ಬಿದ್ದು ಕಟ್ಟಡವನ್ನೇ ಹೊಸತಾಗಿ ಕಟ್ಟಿದಾಗಲೂ ಊರಿನವರು ಆ ಕಮಾನಿಗೆ ಬಾಗಿಲು ಇಡಲಿಲ್ಲ.

ನೋರಾ ಇದನ್ನು ಪ್ರವಾಸಿಗಳಿಗೆ ಹೇಳುವ ಹಾಗೆ ಹೇಳಿ ನಕ್ಕರು. ಸೇಸಪ್ಪಣ್ಣ ನಗಲಿಲ್ಲ.

"ಅಕ್ಕು ಮಾಡಿದ್ದೂ ಇದೇ" ಎಂದರು. "ವಿಟ್ಲದ ಸಂತೆಯಲ್ಲಿ ಅವಳದ್ದು ಊರಕೋಳಿ ಮೊಟ್ಟೆ, ಬಸಳೆ. ಸುಂಕದವ ಬಂದು ಬುಟ್ಟಿಗೆ ಕಾಲು ತಾಗಿಸಿದ. ಇವಳು ಬುಟ್ಟಿ ಎತ್ತಿಕೊಂಡು ಹೋಗಿ ರಸ್ತೆಯ ಮೋರಿಯ ಮೇಲೆ ಕೂತಳು. ಇವತ್ತಿಗೂ ಅಲ್ಲೇ ಕೂತುಕೊಳ್ಳುವುದು. ನಾನು ಫೋನಿನಲ್ಲಿ ಬೈದಿದ್ದೆ, ಒಂದು ಬುಟ್ಟಿ ಮೊಟ್ಟೆಗೆ ಇಷ್ಟು ಹಟ ಎಂತಕ್ಕೆ ಅಂತ." ಅವರ ಕಣ್ಣು ತುಂಬಿತು, ಮರದ ಹುಡಿ ಬಿತ್ತು ಎಂದು ಒರೆಸಿಕೊಂಡರು. ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ನೋರಾ ಅಕ್ಕುವಿನ ಹೆಸರನ್ನು ಕೇಳಿ ಒಂದು ಫೋಟೊದ ಹಿಂದೆ ಬರೆದುಕೊಂಡರು.

ನಮ್ಮ ಕರಾವಳಿಯವರಿಗೆ ಒಂದು ರೋಗ ಇದೆ. ಊರಿನ ಕಟ್ಟು ಎಂದರೆ ಕಟ್ಟು. ಯಾರೋ ಯಾವಾಗಲೋ ಆ ಮಣ್ಣಿನಲ್ಲಿ ನಿಂತು ಮಾತು ತೆಗೆದುಕೊಂಡರೆ ಅದು ಆಮೇಲೆ ಬಂದವರ ತಲೆಯ ಮೇಲೂ ಇರುತ್ತದೆ. ನೋರಾ ಹೇಳಿದ್ದು ಬರೀ ಕತೆ. ಸೇಸಪ್ಪಣ್ಣ ಅದನ್ನು ಕಟ್ಟು ಎಂದು ಹಿಡಿದುಕೊಂಡುಬಿಟ್ಟರು. ಅದೂ ಕಬ್ಬಿಣದ ಸಲಾಕೆಗೆ ಫೈಬರ್ ಅಂಟಿಸಿ ಕಲ್ಲಿನ ಬಣ್ಣ ಬಳಿದ ಊರಿಗೆ!

ಎರಡು ವಾರದ ನಂತರ ಹೊಸ ಡ್ರಾಯಿಂಗ್ ಬಂತು. ಮೂರು ಕಮಾನಿನ ಬಾಗಿಲಲ್ಲಿ ಟಿಕೆಟ್ ನೋಡುವ ಯಂತ್ರ. ನಾಲ್ಕನೆಯದಕ್ಕೆ ಎರಡು ಕದದ ಮರದ ಗೇಟು, ಬೀಗ ಸಮೇತ. ಕಾಗದ ಹಿಡಿದು ಶೆಡ್ಡಿಗೆ ಹೋದದ್ದು ಝಿಯಾದ್, ಹಿಂದೆ ಸೀಲು ಹಿಡಿದು ನಾನು. ಅವನೇ ಪ್ರಾಜೆಕ್ಟ್ ಮ್ಯಾನೇಜರು, ಮೂವತ್ತನಾಲ್ಕು ವರ್ಷ. ಇಸ್ತ್ರಿ ಮಾಡಿದ ಶರ್ಟಿಗೆ ಧೂಳು ತಾಗದ ಹಾಗೆ ನಡೆಯುತ್ತಾನೆ.

"ಇದನ್ನು ಮಾಡುವುದಿಲ್ಲ" ಎಂದರು ಸೇಸಪ್ಪಣ್ಣ.

"ಯಾಕೆ? ಮರ ಇಲ್ವಾ?"

"ಮರ ಉಂಟು. ಆ ಕಮಾನಿಗೆ ಬಾಗಿಲು ಇಡ್ಲಿಕ್ಕಿಲ್ಲ. ಆ ಊರಿನ ಕಟ್ಟು."

ಝಿಯಾದ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. "ಸೇಸಪ್ಪ, ಇದು ಪ್ಲೈವುಡ್ಡಿನ ಊರು ಮಾರಾಯ್ರೆ. ನಾಲ್ಕು ತಿಂಗಳಿಗೆ ಕಿತ್ತು ಬಿಸಾಡ್ತಾರೆ. ಅದಕ್ಕೆ ಎಂತ ಕಟ್ಟು? ಟೋಟಲಿ ಫೇಕ್!"

"ಊರು ನಕಲಿ ಇರಬಹುದು. ಆ ಹೆಂಗಸರು ಮೂರು ವರ್ಷ ಚಳಿಯಲ್ಲಿ ಕೂತದ್ದು ನಕಲಿ ಅಲ್ಲ."

"ಡ್ರಾಯಿಂಗಿನಲ್ಲಿ ಇದ್ದ ಹಾಗೆ ಮಾಡಿ. ಇಲ್ಲದಿದ್ದರೆ ಫೈನಲ್ ಎಕ್ಸಿಟ್ ಹೊಡೆಸಿ ಊರಿಗೇ ಕಳಿಸ್ತೇನೆ. ಹೆಂಡತಿ ಬರ್ತಾರಂತಲ್ಲ, ಅವರು ಇಳಿಯುವ ದಿನವೇ ನೀವು ಹತ್ತಬೇಕಾದೀತು."

ಆ ಮಾತು ಕೇಳಿ ನನ್ನ ಮೈ ಉರಿಯಿತು. ಕೆಲಸದ ವಿಷಯಕ್ಕೆ ಕೆಲಸದ ಮಾತಾಡಬೇಕು, ಹೆಂಡತಿಯ ಹೆಸರೆತ್ತುವುದು ಯಾವ ಸೀಮೆಯ ಮರ್ಯಾದೆ? ಬಾಯಿ ತೆರೆದೇಬಿಟ್ಟಿದ್ದೆ. ಸೇಸಪ್ಪಣ್ಣ ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿ, ಬೆರಳಿಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ಬಹಳ ಮೆತ್ತಗೆ, "ಇದರಲ್ಲಿ ಇದ್ದ ಹಾಗೇ ಮಾಡ್ಬೇಕಾ, ಸಾರ್?" ಎಂದರು.

"ಒಂದು ಗೆರೆ ಆಚೆ ಈಚೆ ಆಗಬಾರದು."

"ಆಯ್ತು. ಸಹಿ ಹಾಕಿ ಕೊಡಿ."

ಝಿಯಾದ್ ಸಹಿ ಹಾಕಿದ. ನಾನು ಸೀಲು ಹೊಡೆದೆ. ನನಗೆ ಸೇಸಪ್ಪಣ್ಣನ ಮೇಲೆ ಸಿಟ್ಟು ಬಂದು ಎರಡು ದಿನ ಮಾತಾಡಲಿಲ್ಲ. ಇಷ್ಟು ಬೇಗ ಬಗ್ಗುವವರಿಗೆ ಅಷ್ಟು ದೊಡ್ಡ ಮಾತು ಯಾಕೆ ಎಂದು ಮನೆಗೆ ಹೋಗಿ ಗಂಡ ನಝೀಮ್ ಹತ್ತಿರ ಕೂಗಾಡಿದೆ. ಪಾಪ, ಅವರು ಚಹಾ ಮಾಡಿಕೊಟ್ಟರು.

ಮೂರನೇ ದಿನ ಗೇಟು ಕೂತಿತು. ಸಾಗುವಾನಿಯ ಎರಡು ಕದ, ಅಂಚಿಗೆ ಕೆತ್ತನೆ, ನೋಡಿದರೆ ಕಣ್ಣು ಕೀಳಲಾಗದು. ಆದರೆ ಎರಡೂ ಕದಗಳು ಪೂರಾ ತೆರೆದು ಬದಿಗೋಡೆಗೆ ಒರಗಿ ನಿಂತಿದ್ದವು. ಬರೀ ಒರಗಿ ಅಲ್ಲ. ಮೇಲೆ, ನಡುವೆ, ಕೆಳಗೆ ದಪ್ಪ ಪಟ್ಟಿ ಹಾಯಿಸಿ, ತೂತು ಕೊರೆದು, ಬೆಣೆ ಹೊಡೆದು ಗೋಡೆಯೊಳಗಿನ ಕಂಬಕ್ಕೆ ಬಿಗಿದಿದ್ದರು. ಆನೆ ಬಂದು ಎಳೆದರೂ ಮುಚ್ಚದು. ಒಂದೇ ಒಂದು ತೂತು ಖಾಲಿ ಇತ್ತು.

ಝಿಯಾದ್ ಬಂದು ಎಳೆದ, ತಳ್ಳಿದ, ಶರ್ಟಿಗೆ ಧೂಳು ತಾಗಿತು. "ಇದು ಮುಚ್ಚುವುದೇ ಇಲ್ಲ!"

ಸೇಸಪ್ಪಣ್ಣ ಡ್ರಾಯಿಂಗ್ ಬಿಡಿಸಿ ಅವನ ಮೂಗಿನ ಹತ್ತಿರ ಹಿಡಿದರು. ಕಟ್ಟಡದ ನಕ್ಷೆಯಲ್ಲಿ ಬಾಗಿಲುಗಳನ್ನು ಯಾವಾಗಲೂ ತೆರೆದ ಹಾಗೆ ಬರೆಯುತ್ತಾರೆ, ಯಾವ ಕಡೆ ತೆರೆಯುತ್ತದೆಂದು ಗೊತ್ತಾಗಲಿ ಎಂದು. ಈ ಕಸುಬಿನ ಮೊದಲ ಪಾಠ ಅದು, ಮೂವತ್ತೊಂದು ವರ್ಷದ ಅನುಭವದವರಿಗೆ ಗೊತ್ತಿಲ್ಲದ್ದಲ್ಲ. "ಇದ್ದ ಹಾಗೇ ಮಾಡಿದ್ದೇನೆ, ಸಾರ್. ನೋಡಿ, ತೆರೆದೇ ಉಂಟು. ಒಂದು ಗೆರೆ ಆಚೆ ಈಚೆ ಆಗಿಲ್ಲ. ನಿಮ್ಮ ಸಹಿಯೂ ಉಂಟು."

ನಾನು ಆಫೀಸಿಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಝಿಯಾದ್ ಬೇರೆ ಬಡಗಿಗಳನ್ನು ಕರೆದು ಬೆಣೆ ತೆಗೆಯಿರಿ ಎಂದ. ಇಪ್ಪತ್ತೆರಡು ಜನ ಇದ್ದರು, ಬಿಹಾರದವರು, ಪಾಕಿಸ್ತಾನದವರು, ನಮ್ಮ ಪುತ್ತೂರಿನವರು. ಎಲ್ಲರದೂ ಒಂದೇ ಉತ್ತರ, ಫೋರ್‌ಮನ್ ಹೇಳಲಿ. ಫೋರ್‌ಮನ್ ಹೇಳಲಿಲ್ಲ.

ಉದ್ಘಾಟನೆಗೆ ಮೂರು ದಿನ ಇರುವಾಗ ಬೆಂಕಿ ಸುರಕ್ಷತೆ ನೋಡುವ ಸಿವಿಲ್ ಡಿಫೆನ್ಸಿನ ಅಧಿಕಾರಿ ಪರೀಕ್ಷೆಗೆ ಬಂದರು. ಬಿಳಿ ಗಡ್ಡದವರು, ಮಾತು ಕಡಿಮೆ. ಸಂತೆಕಟ್ಟೆಯ ಹಜಾರದಲ್ಲಿ ನಿಂತು ಮೂರು ಕಡೆಯ ಟಿಕೆಟ್ ಯಂತ್ರಗಳನ್ನು ನೋಡಿ, ಬೆಂಕಿ ಬಿದ್ದರೆ ಇಷ್ಟು ಜನ ಎಲ್ಲಿಂದ ಹೊರಗೆ ಓಡಬೇಕು ಎಂದು ಅರಬಿಯಲ್ಲಿ ಕೇಳಿದರು. ಆಮೇಲೆ ಉತ್ತರದ ಕಮಾನಿನ ಹತ್ತಿರ ಹೋಗಿ, "ಇದು ಮುಚ್ಚುತ್ತದೆಯೆ?" ಎಂದರು.

ಝಿಯಾದ್ ಬಾಯಿ ತೆರೆದ. ಅವನಿಗಿಂತ ಮೊದಲು ನಾನು ಹೇಳಿದೆ, "ಇಲ್ಲ. ಮುಚ್ಚುವುದಿಲ್ಲ."

ಅಧಿಕಾರಿ ಕದವನ್ನು ಹಿಡಿದು ಅಲ್ಲಾಡಿಸಿದರು. ಇನ್ನೊಮ್ಮೆ ಜೋರಾಗಿ. ಕದ ಮಿಸುಕಲಿಲ್ಲ. ಅವರು ತಲೆಯಾಡಿಸಿ ಬರೆದರು: ಈ ದಾರಿ ಯಾವಾಗಲೂ ತೆರೆದಿರಬೇಕು, ಇದಕ್ಕೆ ಬೀಗವಾಗಲಿ ಯಂತ್ರವಾಗಲಿ ಹಾಕಕೂಡದು. ಕೆಳಗೆ ಸಹಿ. ಆ ಕಾಗದಕ್ಕೆ ಸೀಲು ಹೊಡೆಯುವಾಗ ನನ್ನ ಕೈ ನೆಟ್ಟಗಿತ್ತು. ಮೂರು ಪ್ರತಿ ಮಾಡಿ ಮೂರು ಫೈಲಿಗೆ ಸೇರಿಸಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಝಿಯಾದ್ ಅದೇ ಸಂಜೆ ನನ್ನನ್ನು ಕೂರಿಸಿ ಒಂದು ನೋಟಿಸು ಟೈಪ್ ಮಾಡಿಸಿದ. ಉತ್ಸವ ಮುಗಿಯುವವರೆಗೆ ಕಂಪೆನಿಯ ಕಾರ್ಮಿಕರು ಕೆಲಸದ ಹೊರತು ಆವರಣದೊಳಗೆ ಕಾಲಿಡಬಾರದು. ನೋಡಲು ಬರುವ ದೊಡ್ಡವರ ಕಣ್ಣಿಗೆ ಕೆಲಸದವರ ನೀಲಿ ಅಂಗಿಗಳು ಬೀಳಬಾರದಂತೆ. ನಾನು ಟೈಪ್ ಮಾಡಿದೆ. ಹೌದು, ಮಾಡಿದೆ, ನನ್ನ ಕೈಯಲ್ಲೇ. ಕ್ಯಾಂಪಿನ ಗೋಡೆಗೆ ಅದನ್ನು ಅಂಟಿಸಿದ್ದನ್ನು ನೋಡಿದಾಗ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅದೇ ವಾರ ಅಕ್ಕು ಬಂದಳು. ಮಲಾಜಿನಲ್ಲಿ ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಸಣ್ಣ ಆಳು, ದೊಡ್ಡ ದನಿ, ಬಂದ ಗಳಿಗೆಯಲ್ಲೇ ನನ್ನ ಅಡಿಗೆಮನೆಯ ಡಬ್ಬಗಳ ಜಾಗ ಬದಲಾಯಿಸಿದಳು. ನೋರಾ ತಮಗೆ ಸಿಕ್ಕಿದ ಅತಿಥಿಗಳ ಪಾಸಿನಲ್ಲಿ ಎರಡನ್ನು ತಂದು ಸೇಸಪ್ಪಣ್ಣನ ಕೈಗೆ ಕೊಟ್ಟರು. ಅವರು ಗೌರವದಿಂದಲೇ ಹಿಂದೆ ಕೊಟ್ಟರು. "ಪಾಸೂ ಟಿಕೆಟೇ ಅಲ್ವಾ, ಟೀಚರೇ? ನಾನು ಕಟ್ಟಿದ ಊರಿಗೆ ನಾನು ಚೀಟಿ ತೋರಿಸಿ ಹೋಗುವುದಾ?"

"ಹಾಗಾದರೆ ಹೇಗೆ ಹೋಗ್ತೀರಿ?" ಎಂದೆ ನಾನು. "ನೋಟಿಸು ಓದಿದ್ದೀರಲ್ಲ."

"ನೀವೇ ಬರೆದದ್ದಲ್ವಾ, ಜುವೈರಿಯಕ್ಕ? ಕೆಲಸದ ಹೊರತು ಅಂತ ಉಂಟು." ಅವರು ಕಿಸೆ ತಟ್ಟಿದರು. "ನನ್ನ ಕೆಲಸ ಮುಗಿದಿಲ್ಲ."

ಮುಂದೆ ನಡೆದದ್ದಕ್ಕೆ ಸೇಸಪ್ಪಣ್ಣನಿಗೆ ಎಚ್ಚರಿಕೆಯ ಪತ್ರ ಬಂತು, ನನಗೂ ಒಂದು ಬಂತು. ಕಂಪೆನಿ ಅವರ ಕರಾರನ್ನು ಮುಂದುವರಿಸಲಿಲ್ಲ. ಈಗ ಅವರು ಮಗಳ ಹತ್ತಿರ, ತಾಯಿಫಿನಲ್ಲಿ, ಒಂದು ಸಣ್ಣ ಮರದಂಗಡಿಯಲ್ಲಿ ಕಿಟಕಿ ಮಾಡುತ್ತಾರೆ. ಚಳಿ ಊರು, ಮೊಣಕಾಲು ನೋಯುತ್ತದೆ ಎಂದು ಫೋನಿನಲ್ಲಿ ಬೈಯುತ್ತಾರೆ. ಆ ದಿನದ ಬಗ್ಗೆ ಕೇಳಿದರೆ ಮಾತ್ರ ಮೊಣಕಾಲು ಮರೆತುಹೋಗುತ್ತದೆ.

ಉದ್ಘಾಟನೆಯಾದ ಮೂರನೇ ದಿನ, ಗುರುವಾರ. ಬೆಳಗ್ಗೆಯಿಂದ ಅಕ್ಕು ಮತ್ತು ನಾನು ಕೋಳಿ ಸಾರು ಮಾಡಿದೆವು, ನನ್ನ ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ. ರೊಟ್ಟಿಯನ್ನು ಅವಳು ಊರಿನಿಂದಲೇ ತಂದಿದ್ದಳು, ಕಾಗದದ ಹಾಗೆ ತೆಳ್ಳಗಿನ ಗರಿಗರಿ ಅಕ್ಕಿ ರೊಟ್ಟಿ. ಸೂಟ್‌ಕೇಸಿನಲ್ಲಿ ಸೀರೆ ಎರಡೇ ಇತ್ತು, ಉಳಿದದ್ದೆಲ್ಲ ರೊಟ್ಟಿ. ಸಂಜೆಗೆ ಮುಂಚಿನ ಅಸರ್ ನಮಾಜು ಮುಗಿಸಿ ನಝೀಮ್ ಗಾಡಿಯಲ್ಲಿ ನಮ್ಮನ್ನು ಬಿಟ್ಟರು. ಸಂತೆಕಟ್ಟೆಯ ಉತ್ತರದ ಕಮಾನಿನ ಎದುರು ಸೇಸಪ್ಪಣ್ಣ ನಿಂತಿದ್ದರು, ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ಕೊಡತಿ. ಅವರ ಹಿಂದೆ ಇಪ್ಪತ್ತೆರಡು ಬಡಗಿಗಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹತಾರ, ಉಳಿ, ಗರಗಸ, ಕೀಸುಳಿ. ಕೆಲಸದವರು ಕೆಲಸಕ್ಕೆ ಬಂದ ಹಾಗೆಯೇ.

ಕಮಾನಿನಲ್ಲಿ ಇದ್ದ ಕಾವಲುಗಾರ ಎಳೆಯ ಹುಡುಗ, ಸೌದಿ. ಇದು ಹೊರಗೆ ಹೋಗುವ ದಾರಿ, ಟಿಕೆಟ್ ಎಲ್ಲಿ ಎಂದು ಕೇಳಿದ. ಸೇಸಪ್ಪಣ್ಣ ಕಿಸೆಯಿಂದ ಬೆಣೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಗೇಟಿನ ಖಾಲಿ ತೂತನ್ನೂ ತೋರಿಸಿದರು. "ಕೆಲಸ ಬಾಕಿ ಉಂಟು" ಎಂದರು ಅರಬಿಯಲ್ಲಿ. ಹುಡುಗ ತೂತಿಗೆ ಬೆರಳು ಹಾಕಿ ನೋಡಿದ, ಬೆಣೆ ನೋಡಿದ, ಗೊಂದಲವಾಗಿ ವಾಕಿಟಾಕಿ ಎತ್ತಿದ.

ಝಿಯಾದ್ ಓಡಿ ಬಂದ. "ಎಂತ ಇದು? ನೋಟಿಸು ಕಾಣ್ಲಿಲ್ವಾ?"

"ಕಂಡಿತು, ಸಾರ್. ಕೆಲಸಕ್ಕೇ ಬಂದದ್ದು."

"ಒಂದು ಬೆಣೆ ಹೊಡೀಲಿಕ್ಕೆ ಇಪ್ಪತ್ತೆರಡು ಜನವಾ?"

"ಹಿಡೀಲಿಕ್ಕೆ ಬೇಕಾಗ್ತದೆ."

"ಮತ್ತೆ ನಿಮ್ಮ ಹೆಂಡತಿ? ಅವರಿಗೂ ಕೆಲಸ ಉಂಟಾ?"

"ಉಂಟು" ಎಂದು ಅಕ್ಕುವೇ ಹೇಳಿದಳು. "ಊಟ ಹಾಕುವ ಕೆಲಸ. ಬದಿಗೆ ಸರಿ ಮಗಾ, ಪಾತ್ರೆ ಬಿಸಿ ಉಂಟು."

ಅವನು ನನ್ನ ಕಡೆ ತಿರುಗಿದ. "ಜುವೈರಿಯಕ್ಕ, ನೀವಾದರೂ ಹೇಳಿ."

"ಹೇಳ್ತೇನೆ" ಎಂದೆ. "ಈ ಬಾಗಿಲಿಗೆ ಬೀಗವೂ ಇಲ್ಲ, ಯಂತ್ರವೂ ಇಲ್ಲ. ಹಾಕಬಾರದು ಅಂತ ಕಾಗದ ಉಂಟು, ಮೂರು ಫೈಲಿನಲ್ಲಿ. ಇವರು ಕೆಲಸಕ್ಕೆ ಬಂದವರು, ಅದಕ್ಕೂ ಕಾಗದ ಉಂಟು, ನೀನೇ ಬರೆಸಿದ್ದು. ಇನ್ನು ತಡೆಯುವುದಾದರೆ ಅಡ್ಡ ಮಲಗು ಮಾರಾಯ, ದಾಟಿ ಹೋಗ್ತೇವೆ."

ಅವನು ಅಡ್ಡ ಮಲಗಲಿಲ್ಲ. ಅಕ್ಕು ಪಾತ್ರೆ ಹಿಡಿದು ಮುಂದೆ, ರೊಟ್ಟಿಯ ಬುಟ್ಟಿ ಹಿಡಿದು ನಾನು, ಹಿಂದೆ ಉಳಿದವರೆಲ್ಲ. ಹಜಾರದ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ ಸಾಲಾಗಿ ಕೂತೆವು. ಕಾಫಿ ಕುಡಿಯುತ್ತಿದ್ದ ಜನ ತಿರುಗಿ ನೋಡಿದರು, ಇದೂ ಉತ್ಸವದ ಒಂದು ಆಟ ಎಂದುಕೊಂಡು ಕೆಲವರು ಫೋಟೊ ತೆಗೆದರು. ನೋರಾ ಎಲ್ಲಿಂದಲೋ ಬಂದು ಬಿಹಾರದ ರಾಜ್‌ಕಿಶೋರನ ಪಕ್ಕದಲ್ಲಿ ನೆಲದ ಮೇಲೆ ಕೂತರು, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸುವುದನ್ನು ಅವನಿಂದ ಕಲಿತರು. ಖಾರಕ್ಕೆ ಕಣ್ಣೀರು ಬಂದರೂ ಇನ್ನೊಮ್ಮೆ ಹಾಕಿಸಿಕೊಂಡರು. ಅಕ್ಕು ಒಂದು ತಟ್ಟೆ ತುಂಬಿಸಿ ಝಿಯಾದನ ಕೈಗೆ ತುರುಕಿದಳು. ಅವನು ಅದನ್ನು ಹಿಡಿದುಕೊಂಡು ನಿಂತೇ ಇದ್ದ. ಕೂರಲೂ ಇಲ್ಲ, ತಟ್ಟೆ ಇಡಲೂ ಇಲ್ಲ.

ಊಟವಾಯಿತು. ಸೇಸಪ್ಪಣ್ಣ ಎದ್ದು ಕೈ ತೊಳೆದರು. ಹಲಸಿನ ಮರದ ಬೆಣೆ, ಊರಿನಿಂದ ತಂದ ಮರ. ತೂತಿಗೆ ಇಟ್ಟು, ಕೊಡತಿಯಿಂದ ಮೂರು ಪೆಟ್ಟು. ಹಜಾರದಲ್ಲೆಲ್ಲ ಆ ಸದ್ದು ಕೇಳಿತು. ಪೆಟ್ಟು ಒಂದೂ ತಪ್ಪಲಿಲ್ಲ. ನಾನು ಎಲ್ಲರ ಎದುರೇ ಗಳಗಳನೆ ಅತ್ತೆ.

ಝಿಯಾದ್ ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಬಲಗೈ ಮುಂದೆ ಚಾಚಿದ. ಕಂಪೆನಿಯ ಪರವಾಗಿ ತೆಗೆದುಕೊಳ್ಳುವವನು ತಾನೇ ಎಂದುಕೊಂಡನೋ, ತಪ್ಪಾಯಿತು ಎನ್ನಬೇಕೆಂದಿದ್ದನೋ, ಇವತ್ತಿಗೂ ಗೊತ್ತಿಲ್ಲ. ಸೇಸಪ್ಪಣ್ಣ ಅವನನ್ನು ದಾಟಿ ಹೋಗಿ ಅಕ್ಕುವಿನ ಎದುರು ನಿಂತರು.

"ಇಕೋ" ಎಂದರು. "ಬಿಟ್ಟುಕೊಟ್ಟೆ."

ಅಕ್ಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಉಳಿದ ರೊಟ್ಟಿಯ ಬುಟ್ಟಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಆ ಕಮಾನಿನಿಂದ ಹೊರಗೆ ಹೋದಳು, ಬಿಸಿಲಲ್ಲಿ ಒಂದು ಗಳಿಗೆ ನಿಂತಳು, ತಿರುಗಿ ಅದೇ ಕಮಾನಿನಿಂದ ಒಳಗೆ ನಡೆದು ಬಂದಳು. ಕಾವಲಿನ ಹುಡುಗ ಬದಿಗೆ ಸರಿದು ದಾರಿ ಬಿಟ್ಟ. ಅವಳ ಹತ್ತಿರ ಯಾರೂ ಟಿಕೆಟ್ ಕೇಳಲಿಲ್ಲ.